ಕೊಳಕುಮಂಡಲ ಕಡಿದದ್ದು ಕಾಲಿಗೆ, ರಿಪೋರ್ಟ್ ತುಂಬಾ ಕಿಡ್ನಿ, ಪಿಟ್ಯುಟರಿ, ಶ್ವಾಸಕೋಶ. ಯಾರಾದರೂ ಬಿಡಿಸಿ ಹೇಳ್ತೀರಾ?

ಗದ್ದೆಬದು
ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪ ಕಳೆದ ಮಳೆಗಾಲದಲ್ಲಿ ಹಾವು ಕಡಿದು ತೀರಿಕೊಂಡರು. ಬದುವಿನ ಮೇಲೆ ಹುಲ್ಲು ಕೊಯ್ಯುವಾಗ ಪಾದಕ್ಕೆ ಕಡಿದಿತ್ತು. ಪಕ್ಕದ ಗದ್ದೆಯವರೂ ಹಾವು ನೋಡಿದ್ದಾರೆ. ಕೊಳಕುಮಂಡಲವೇ, ಅನುಮಾನ ಇಲ್ಲ. ಮೊದಲು ಊರಲ್ಲೇ ಮದ್ದು ಹಾಕಿಸಿದರು. ಸಂಜೆ ಹೊತ್ತಿಗೆ ವಸಡಿನಿಂದ ರಕ್ತ ಬಂತು. ಆಮೇಲೆ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ದೊಡ್ಡ ಆಸ್ಪತ್ರೆ. ಪ್ರತಿವಿಷ ಕೊಟ್ಟರು. ಮೂತ್ರ ನಿಂತುಹೋಯಿತು, ಡಯಾಲಿಸಿಸ್ ಶುರು ಮಾಡಿದರು. ಕೊನೆಗೆ ವೆಂಟಿಲೇಟರ್. ವಾರ ಕಳೆಯುವಷ್ಟರಲ್ಲಿ ಹೋಗಿಬಿಟ್ಟರು.

ಈಗ ಹಿಸ್ಟೊಪೆಥಾಲಜಿ ರಿಪೋರ್ಟ್, ಅಂದರೆ ಅಂಗಗಳ ತುಂಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಬರೆದದ್ದು, ಕೈಗೆ ಬಂದಿದೆ. ಅದರಲ್ಲಿ ಹೀಗಿದೆ: ಎರಡೂ ಕಿಡ್ನಿಯಲ್ಲಿ ಕಾರ್ಟಿಕಲ್ ನೆಕ್ರೋಸಿಸ್. ಪಿಟ್ಯುಟರಿಯಲ್ಲಿ ರಕ್ತಸ್ರಾವ ಮತ್ತು ಇನ್‌ಫಾರ್ಕ್ಟ್. ಅಡ್ರಿನಲ್‌ನಲ್ಲೂ ರಕ್ತಸ್ರಾವ. ಶ್ವಾಸಕೋಶದಲ್ಲಿ ಡಿಫ್ಯೂಸ್ ಆಲ್ವಿಯೋಲಾರ್ ಡ್ಯಾಮೇಜ್. ಲಿವರ್‌ನಲ್ಲಿ ಸೆಂಟ್ರಿಲಾಬ್ಯುಲಾರ್ ನೆಕ್ರೋಸಿಸ್. ಪಾದದ ಚರ್ಮ, ಮಾಂಸದಲ್ಲಿ ರಕ್ತಸ್ರಾವ ಮತ್ತು ನೆಕ್ರೋಸಿಸ್.

ಊರಲ್ಲಿ ಈಗ ಒಂದೇ ಮಾತು. ಡಯಾಲಿಸಿಸ್ ಮಾಡಿಸಿದ್ದಕ್ಕೇ ಕಿಡ್ನಿ ಹೋಯಿತಂತೆ. ಅದಕ್ಕೆ ಸಹಿ ಹಾಕಿದ್ದು ಚಿಕ್ಕಮ್ಮ. ಎಲ್ಲರೂ ಅವರ ತಲೆಗೇ ಕಟ್ಟುತ್ತಿದ್ದಾರೆ. ಇದು ವಿಷದಿಂದ ಆದದ್ದಾ, ಚಿಕಿತ್ಸೆಯಿಂದ ಆದದ್ದಾ ಅಂತ ಗೊತ್ತಾಗಬೇಕು ನನಗೆ.

ಸ್ಲೈಡ್‌ಪೆಟ್ಟಿಗೆ
ಪೆಥಾಲಜಿ ನನ್ನ ಕೆಲಸ. ನಿಮ್ಮ ಚಿಕ್ಕಪ್ಪನ ಸ್ಲೈಡ್ (ಗಾಜಿನ ಮೇಲಿಟ್ಟ ಅಂಗಾಂಶದ ತೆಳು ಪದರ) ನಾನು ನೋಡಿಲ್ಲ. ನೀವು ಬರೆದ ಸಾಲುಗಳನ್ನು ಇಟ್ಟುಕೊಂಡು ಹೇಳುತ್ತೇನೆ.

ಕಿಡ್ನಿಯಿಂದ ಶುರು ಮಾಡೋಣ, ಜಗಳ ಇರುವುದೇ ಅಲ್ಲಿ. ಕಿಡ್ನಿಯನ್ನು ಉದ್ದಕ್ಕೆ ಸೀಳಿದರೆ ಹೊರಗಿನ ಪದರ ಒಂದು, ಒಳಗಿನ ಭಾಗ ಒಂದು. ಹೊರಗಿನದು ಕಾರ್ಟೆಕ್ಸ್. ರಕ್ತ ಸೋಸುವ ಗ್ಲೊಮೆರುಲಸ್‌ಗಳು ಇರುವುದು ಅಲ್ಲೇ. ಕಾರ್ಟಿಕಲ್ ನೆಕ್ರೋಸಿಸ್ ಅಂದರೆ ಆ ಪದರಕ್ಕೆ ರಕ್ತ ಹೋಗದೆ ಅದು ಸತ್ತುಹೋಗಿದೆ ಅಂತ. ಮರಣೋತ್ತರ ಪರೀಕ್ಷೆಯ ಮೇಜಿನ ಮೇಲೆ ಬರಿಗಣ್ಣಿಗೇ ಕಾಣುತ್ತದೆ. ಹೊರಗೆ ಬಿಳಿಚಿಕೊಂಡ ಹಳದಿ, ಒಳಗೆ ಕಡುಗೆಂಪು.

ಕೊಳಕುಮಂಡಲದ ವಿಷದಲ್ಲಿ ರಕ್ತ ಹೆಪ್ಪುಗಟ್ಟುವ ಸರಣಿಯನ್ನು ಮಧ್ಯದಿಂದಲೇ ಚಾಲೂ ಮಾಡುವ ಕಿಣ್ವಗಳಿವೆ. ಒಂದು ಫ್ಯಾಕ್ಟರ್ 10 ಅನ್ನು ಎಬ್ಬಿಸುತ್ತದೆ, ಇನ್ನೊಂದು ಫ್ಯಾಕ್ಟರ್ 5 ಅನ್ನು. ಎರಡೂ ರಕ್ತದಲ್ಲೇ ಇರುವ, ಹೆಪ್ಪುಗಟ್ಟಿಸುವ ಪ್ರೋಟೀನುಗಳು. ಗಾಯ ಇಲ್ಲದ ಕಡೆಯಲ್ಲೂ, ಮೈಯೆಲ್ಲಾ, ಸಣ್ಣ ರಕ್ತನಾಳಗಳಲ್ಲಿ ಫೈಬ್ರಿನ್, ಅಂದರೆ ಹೆಪ್ಪಿನ ಎಳೆ, ಕಟ್ಟಿಕೊಳ್ಳುತ್ತದೆ. ಕಾರ್ಟೆಕ್ಸ್‌ನ ನಾಳಗಳು ಮುಚ್ಚಿಕೊಂಡರೆ, ಜೊತೆಗೆ ಬಿಪಿಯೂ ಬಿದ್ದಿದ್ದರೆ, ಆ ಪದರ ಉಳಿಯುವುದಿಲ್ಲ.

ಹಾಗಾದರೆ ವಸಡಿನಿಂದ ರಕ್ತ ಯಾಕೆ ಬಂತು? ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೇ ಅಡುಗೆ ಪೂರ್ತಿ ಬಡಿಸಿಬಿಟ್ಟರೆ ಎರಡನೇ ಪಂಕ್ತಿಗೆ ಖಾಲಿ ಪಾತ್ರೆ, ಅಲ್ವಾ? ಹೆಪ್ಪುಗಟ್ಟಿಸುವ ಸಾಮಗ್ರಿಯೆಲ್ಲ ಬೇಡದ ಕಡೆ ಖರ್ಚಾಯಿತು. ನಿಜವಾಗಿ ಸೋರುವ ಕಡೆ ತಡೆಯಲು ಏನೂ ಉಳಿಯಲಿಲ್ಲ. ಅದರ ಮೇಲೆ ವಿಷದ ಇನ್ನೊಂದು ಗುಂಪಿನ ಕಿಣ್ವಗಳು, ಮೆಟಲೋಪ್ರೋಟೀನೇಸ್‌ಗಳು, ಸಣ್ಣ ನಾಳಗಳ ಗೋಡೆಯನ್ನೇ ಸಡಿಲ ಮಾಡುತ್ತವೆ.

ಡಯಾಲಿಸಿಸ್ ಬಗ್ಗೆ ನೇರವಾಗಿ ಹೇಳುತ್ತೇನೆ. ಡಯಾಲಿಸಿಸ್ ಕಾರ್ಟೆಕ್ಸ್ ಅನ್ನು ಕೊಲ್ಲುವುದಿಲ್ಲ. ರಕ್ತವನ್ನು ಹೊರಗೆ ತೆಗೆದು, ಕಿಡ್ನಿ ಮಾಡಬೇಕಿದ್ದ ಕೆಲಸ ಮಾಡಿ ಒಳಗೆ ಬಿಡುತ್ತದೆ ಅಷ್ಟೇ. ಮೂತ್ರ ನಿಂತದ್ದು ಮೊದಲು, ಡಯಾಲಿಸಿಸ್ ಆಮೇಲೆ ಅಂತ ನೀವೇ ಬರೆದಿದ್ದೀರಿ. ಕಿಡ್ನಿ ಕೈಕೊಟ್ಟ ಮೇಲೆ ಬದುಕಿಸಿಕೊಳ್ಳಲು ಇದ್ದ ದಾರಿ ಅದೊಂದೇ. ನಿಮ್ಮ ಚಿಕ್ಕಮ್ಮ ಸಹಿ ಹಾಕದಿದ್ದರೆ ಪೊಟ್ಯಾಶಿಯಂ ಏರಿ ಇನ್ನೂ ಬೇಗ ಹೋಗಿರುತ್ತಿದ್ದರು. ಊರವರಿಗೆ ಇದನ್ನು ಓದಿ ಹೇಳಿ.

ಗದ್ದೆಬದು
ಮೇಡಂ, ತುಂಬಾ ಥ್ಯಾಂಕ್ಸ್. ಚಿಕ್ಕಮ್ಮನಿಗೆ ಫೋನಿನಲ್ಲೇ ಓದಿ ಹೇಳಿದೆ. ಉಳಿದದ್ದೂ ಬಿಡುವಾದಾಗ ಬರೆಯಿರಿ. ಪಿಟ್ಯುಟರಿ ತಲೆಯೊಳಗೆ ಇರುವುದಲ್ವಾ? ಕಾಲಿನ ವಿಷ ಅಲ್ಲಿಗೆ ಹೇಗೆ?

ಬಯಲುಸೀಮೆ ಬಸವ
ಸುಮ್ನೆ ಕೇಳ್ತೀನಿ, ಬೇಜಾರು ಬೇಡ. ನಮ್ಮ ಕಡೆ ಮದ್ದು ಕೊಡುವವರ ಹತ್ತಿರ ಹೋದವರು ಎಷ್ಟೋ ಜನ ಎದ್ದು ಓಡಾಡಿದ್ದಾರೆ. ಕಿಡ್ನಿಯೂ ಹೋಗಿಲ್ಲ, ಏನೂ ಇಲ್ಲ. ಅದಕ್ಕೇನು ಹೇಳ್ತೀರಿ?

ವಾರ್ಡ್ ಅಕ್ಕ
ಬಸವಣ್ಣ, ವಿಷ ಇಲ್ಲದ ಹಾವೇ ಜಾಸ್ತಿ. ವಿಷದ ಹಾವು ಕಡಿದರೂ ಎಷ್ಟೋ ಸಲ ವಿಷ ಬಿಟ್ಟಿರುವುದಿಲ್ಲ. ಅವರು ಯಾವ ಮದ್ದು ಹಾಕಿದರೂ ಏಳುತ್ತಾರೆ, ಹಾಕದಿದ್ದರೂ ಏಳುತ್ತಾರೆ. ಏಳದವರು ನಮ್ಮ ವಾರ್ಡಿಗೆ ಬರುತ್ತಾರೆ. ಬರುವಾಗ ತೊಡೆಗೆ ಹಗ್ಗ ಬಿಗಿದಿರುತ್ತಾರೆ, ಕಡಿದ ಜಾಗ ಬ್ಲೇಡಿನಲ್ಲಿ ಕೊಯ್ದಿರುತ್ತಾರೆ. ರಕ್ತ ಹೆಪ್ಪುಗಟ್ಟದ ಮನುಷ್ಯನ ಕಾಲು ಕೊಯ್ದರೆ ಏನಾಗುತ್ತದೆ ಹೇಳಿ. ಒಂದು ಸಲ ಕೊಯ್ದದ್ದು ಸುರಿಯುತ್ತಲೇ ಇರುತ್ತದೆ. ಹಗ್ಗದ ಕೆಳಗೆ ಕಾಲು ಕಪ್ಪಾಗಿರುತ್ತದೆ. ಅದರಲ್ಲಿ ವಿಷದ್ದೆಷ್ಟು, ಹಗ್ಗದ್ದೆಷ್ಟು ಅಂತ ಆಮೇಲೆ ಡಾಕ್ಟರಿಗೂ ಹೇಳುವುದು ಕಷ್ಟ.

ಇನ್ನೊಂದು, ಇಲ್ಲಿ ಸಣ್ಣ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಇದ್ದರೆ. ಬಂದ ತಕ್ಷಣ 20 ನಿಮಿಷದ ಪರೀಕ್ಷೆ ಮಾಡಿ. ಒಣಗಿದ ಗಾಜಿನ ಟ್ಯೂಬಿನಲ್ಲಿ ಸ್ವಲ್ಪ ರಕ್ತ ಹಾಕಿ, ಅಲ್ಲಾಡಿಸದೆ ಇಡಿ. 20 ನಿಮಿಷದ ಮೇಲೆ ಬಗ್ಗಿಸಿ ನೋಡಿ. ಹರಿದರೆ ಹೆಪ್ಪುಗಟ್ಟಿಲ್ಲ ಅಂತ. ಗಾಜೇ ಆಗಬೇಕು. ಪ್ಲಾಸ್ಟಿಕ್ ಟ್ಯೂಬು, ಸೋಪಿನ ಪುಡಿ ಹಾಕಿ ತೊಳೆದ ಟ್ಯೂಬು ಎರಡೂ ಸುಳ್ಳು ಹೇಳುತ್ತವೆ.

ಸ್ಲೈಡ್‌ಪೆಟ್ಟಿಗೆ
ಅಕ್ಕ ಹೇಳಿದ್ದು ಸರಿ. ಪಿಟ್ಯುಟರಿಗೆ ಬರುತ್ತೇನೆ. ಮೆದುಳಿನ ಬುಡದಲ್ಲಿರುವ ಹಾರ್ಮೋನು ಗ್ರಂಥಿ ಅದು. ಇನ್‌ಫಾರ್ಕ್ಟ್ ಅಂದರೆ ರಕ್ತ ಸಿಗದೆ ಸತ್ತ ಭಾಗ.

ಕಾಲಿನಿಂದ ತಲೆಗೆ ವಿಷ ಪ್ರತ್ಯೇಕವಾಗಿ ಏರುವುದಿಲ್ಲ. ರಕ್ತ ಹೋದ ಕಡೆಯೆಲ್ಲ ಹೋಗುತ್ತದೆ. ಆದರೆ ಪಿಟ್ಯುಟರಿಯ ಮುಂಭಾಗಕ್ಕೆ ರಕ್ತ ಬರುವುದು ಬಹುಪಾಲು ಪೋರ್ಟಲ್ ನಾಳಗಳಿಂದ. ಅಲ್ಲಿ ಒತ್ತಡ ಕಡಿಮೆ. ಸುತ್ತ ಮೂಳೆಯ ಗೂಡು, ಊದಿಕೊಳ್ಳಲು ಜಾಗ ಇಲ್ಲ. ಸಣ್ಣ ನಾಳದಲ್ಲಿ ಫೈಬ್ರಿನ್ ಕಟ್ಟಿದರೆ, ಬಿಪಿ ಬಿದ್ದರೆ, ಮೊದಲು ಪೆಟ್ಟು ತಿನ್ನುವ ಜಾಗಗಳಲ್ಲಿ ಅದೂ ಒಂದು. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವ ಆದ ಹೆಂಗಸರಲ್ಲಿ ಕಾಣುವ ಶೀಹಾನ್ ಸಿಂಡ್ರೋಮ್ ಕೂಡ ಇದೇ ಜಾತಿಯದು. ಕೊಳಕುಮಂಡಲ ಕಡಿತಕ್ಕೂ ಪಿಟ್ಯುಟರಿಗೂ ಇರುವ ನಂಟನ್ನು 1987ರಲ್ಲಿ ಬರ್ಮಾದ ರೋಗಿಗಳನ್ನು ಇಟ್ಟುಕೊಂಡು ವಿವರವಾಗಿ ತೋರಿಸಿದರು. ಆಮೇಲೆ ದಕ್ಷಿಣ ಭಾರತದಿಂದಲೂ ವರದಿಗಳು ಬಂದಿವೆ. ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯ ರಕ್ತಸ್ರಾವದ್ದೂ ಇದೇ ಕಥೆ. ಪಿಟ್ಯುಟರಿ, ಅಡ್ರಿನಲ್ ಎರಡೂ ಕೈಕೊಟ್ಟರೆ ಬಿಪಿ ಹಿಡಿದಿಡುವ ಕಾರ್ಟಿಸಾಲ್ ಹಾರ್ಮೋನು ಮೈಯಲ್ಲಿ ಇರುವುದಿಲ್ಲ. ಆಗ ಸ್ಟೀರಾಯ್ಡ್ ಕೊಡದೆ ಬೇರೆ ಏನು ಮಾಡಿದರೂ ಬಿಪಿ ಏರುವುದು ಕಷ್ಟ.

ಶ್ವಾಸಕೋಶ, ಲಿವರ್ ಬಗ್ಗೆ ಜಾಸ್ತಿ ಓದಿಕೊಳ್ಳಬೇಡಿ. ಡಿಫ್ಯೂಸ್ ಆಲ್ವಿಯೋಲಾರ್ ಡ್ಯಾಮೇಜ್ ಅಂದರೆ ಗಾಳಿಗೂಡುಗಳ ಒಳಗೋಡೆ ಹಾಳಾಗಿ ಪ್ರೋಟೀನಿನ ಪೊರೆ ಕೂತಿದೆ ಅಂತ. ಸೋಂಕು, ಶಾಕ್, ನ್ಯುಮೋನಿಯಾ, ಯಾವುದರಿಂದಲೂ ಆಗುತ್ತದೆ. ಲಿವರ್‌ನಲ್ಲಿ ಪ್ರತಿ ಲಾಬ್ಯೂಲಿನ ನಡುಭಾಗ ಸತ್ತಿದೆ ಅಂದರೆ ರಕ್ತ, ಆಮ್ಲಜನಕ ಸಾಕಾಗಿಲ್ಲ. ಇವು ವಾರದ ಕಾಯಿಲೆಯ ಗುರುತು, ಹಾವಿನ ಗುರುತಲ್ಲ.

ನಿಜ ಹೇಳಬೇಕೆಂದರೆ ನಿಮ್ಮ ರಿಪೋರ್ಟಿನ ಯಾವ ಸಾಲೂ ತಾನಾಗಿಯೇ 'ಹಾವು' ಅಂತ ಹೇಳುವುದಿಲ್ಲ. ಅಂಗಾಂಶ ಹೇಳುವುದು ಎರಡು ಸಂಗತಿ. ರಕ್ತನಾಳಗಳಿಗೆ ಏನಾಯಿತು, ಮತ್ತು ಆಮೇಲೆ ಮನುಷ್ಯ ಎಷ್ಟು ಹೊತ್ತು ಬದುಕಿದ್ದ. ಹಾವು ಅಂತ ಹೇಳುವುದು ಪಾದದ ಕಚ್ಚು, ಅಲ್ಲಿನ ಮಾಂಸ, ನೋಡಿದವರ ಮಾತು, ಆಸ್ಪತ್ರೆಯ ಕೇಸ್‌ಶೀಟ್. ಎಲ್ಲವನ್ನೂ ಜೊತೆಗಿಟ್ಟು ಓದಬೇಕು.

ಲ್ಯಾಬ್ ಹುಡುಗ
ಮೇಡಂ, ಒಂದು ಡೌಟು. ನಾಳಗಳಲ್ಲಿ ಫೈಬ್ರಿನ್ ಕಟ್ಟಿದ್ದರೆ ಸ್ಲೈಡಿನಲ್ಲಿ ಕಾಣಬೇಕಲ್ವಾ? ಇವರ ರಿಪೋರ್ಟಿನಲ್ಲಿ ಅದರ ಸುದ್ದಿಯೇ ಇಲ್ಲ.

ಸ್ಲೈಡ್‌ಪೆಟ್ಟಿಗೆ
ಒಳ್ಳೆ ಪ್ರಶ್ನೆ. ಕಾಣಲೇಬೇಕು ಅಂತ ಇಲ್ಲ. ದೇಹಕ್ಕೆ ಫೈಬ್ರಿನ್ ಕರಗಿಸುವ ವ್ಯವಸ್ಥೆಯೂ ಇದೆ. ಅದೂ ಅದೇ ಹೊತ್ತಿನಲ್ಲಿ ಜೋರಾಗಿ ಓಡುತ್ತಿರುತ್ತದೆ. ಕೆಲವು ದಿನ ಬದುಕಿದ್ದವರಲ್ಲಿ ಹೆಪ್ಪು ಕರಗಿಹೋಗಿ, ಅದು ಮಾಡಿದ ಹಾನಿ ಮಾತ್ರ ಉಳಿದಿರಬಹುದು. ಎಂಎಸ್‌ಬಿ ಅನ್ನುವ ವಿಶೇಷ ಬಣ್ಣ ಹಾಕಿ ಹುಡುಕಿದರೆ ಫೈಬ್ರಿನ್ ಕೆಂಪಗೆ ಕಾಣುತ್ತದೆ. ಆದರೆ ಎಲ್ಲಾ ಕಡೆ ಎಲ್ಲಾ ಬಣ್ಣ ಹಾಕುವುದಿಲ್ಲ. ಕಿಡ್ನಿಯ ಎರಡು ತುಂಡು ತೆಗೆದು ನೋಡುವಲ್ಲಿ ತಪ್ಪಿಹೋಗುವುದೂ ಇದೆ.

ತೋಟದಮನೆ
ನಮ್ಮ ಭಾವನದೂ ಇದೇ ಹಾವು. ಆದರೆ ಅದೇ ರಾತ್ರಿ ಹೋದರು. ರಿಪೋರ್ಟಿನಲ್ಲಿ ಎಲ್ಲಾ ಅಂಗಕ್ಕೂ 'ಕಂಜೆಸ್ಟೆಡ್' ಅಂತ ಒಂದೇ ಪದ. ಕಿಡ್ನಿಗೆ ಬರೀ 'ಆಟಾಲಿಸಿಸ್'. ಇವರದು ಓದಿದ ಮೇಲೆ ನಮಗೆ ಅನುಮಾನ. ಸರಿಯಾಗಿ ಪರೀಕ್ಷೆ ಮಾಡಲಿಲ್ಲವಾ?

ಸ್ಲೈಡ್‌ಪೆಟ್ಟಿಗೆ
ಹಾಗೆ ಅಂದುಕೊಳ್ಳಬೇಡಿ. ಜೀವಕೋಶ ಸತ್ತ ಕೂಡಲೇ ಮೈಕ್ರೋಸ್ಕೋಪಿನಲ್ಲಿ ಸತ್ತಂತೆ ಕಾಣುವುದಿಲ್ಲ. ನ್ಯೂಕ್ಲಿಯಸ್ ಕರಗಬೇಕು, ಬಣ್ಣ ಬದಲಾಗಬೇಕು, ಬಿಳಿ ರಕ್ತಕಣಗಳು ಬಂದು ಸೇರಬೇಕು. ಅದಕ್ಕೆಲ್ಲ ಗಂಟೆಗಟ್ಟಲೆ ಬೇಕು, ಮತ್ತು ಅಷ್ಟು ಹೊತ್ತು ಮನುಷ್ಯ ಬದುಕಿರಬೇಕು. ಬೇಗ ಹೋದವರಲ್ಲಿ ಅಂಗಗಳು ರಕ್ತ ತುಂಬಿಕೊಂಡಿರುತ್ತವೆ. ಶ್ವಾಸಕೋಶ ನೀರು ತುಂಬಿ ಭಾರವಾಗಿರುತ್ತದೆ. ಹೃದಯದ ಒಳಪದರದಲ್ಲಿ, ಕರುಳಿನ ಮೇಲೆ ರಕ್ತದ ಚುಕ್ಕೆಗಳಿರಬಹುದು. ಮೆದುಳಿನಲ್ಲಿ ರಕ್ತಸ್ರಾವ ಆಗಿದ್ದರೆ ಅದೊಂದು ಎದ್ದು ಕಾಣುತ್ತದೆ. ಇಲ್ಲದಿದ್ದರೆ ರಿಪೋರ್ಟ್ ಸಪ್ಪೆಯಾಗಿಯೇ ಇರುತ್ತದೆ.

ಆಟಾಲಿಸಿಸ್ ಅಂದರೆ ಸತ್ತ ಮೇಲೆ ಜೀವಕೋಶ ತಾನೇ ಕರಗುವುದು. ಕಿಡ್ನಿಯ ಟ್ಯೂಬ್ಯೂಲ್‌ಗಳು, ಅಂದರೆ ಸೋಸಿದ್ದು ಹರಿಯುವ ಸಣ್ಣ ಕೊಳವೆಗಳು, ಇದರಲ್ಲಿ ಬಹಳ ಮುಂದೆ. ಶವ ಇಡೀ ರಾತ್ರಿ ತಂಪು ಪೆಟ್ಟಿಗೆ ಇಲ್ಲದೆ ಇದ್ದರೆ, ಬದುಕಿದ್ದಾಗ ಆದ ಟ್ಯೂಬ್ಯೂಲರ್ ನೆಕ್ರೋಸಿಸ್ ಯಾವುದು, ಸತ್ತ ಮೇಲೆ ಕರಗಿದ್ದು ಯಾವುದು ಅಂತ ಬೇರೆ ಮಾಡುವುದೇ ದೊಡ್ಡ ತಲೆನೋವು. ಪಕ್ಕದಲ್ಲಿ ಉರಿಯೂತದ ಕಣಗಳಿವೆಯಾ, ಟ್ಯೂಬ್ಯೂಲಿನೊಳಗೆ ಹೀಮೋಗ್ಲೋಬಿನ್ ಅಥವಾ ಸ್ನಾಯುವಿನ ಮಯೋಗ್ಲೋಬಿನ್‌ನ ಕಂದು ಕಾಸ್ಟ್‌ಗಳು (ಕೊಳವೆಯಲ್ಲಿ ಗಟ್ಟಿಯಾದ ಅಚ್ಚುಗಳು) ಇವೆಯಾ, ಹೊಸ ಕೋಶ ಹುಟ್ಟುತ್ತಿವೆಯಾ ಅಂತ ಹುಡುಕುತ್ತೇವೆ. ಸಿಗದಿದ್ದರೆ 'ಆಟಾಲಿಸಿಸ್' ಅಂತ ಬರೆಯುವುದೇ ಪ್ರಾಮಾಣಿಕತೆ. ಬರೆದವರು ಕಳ್ಳ ಕೆಲಸ ಮಾಡಿಲ್ಲ.

ಗದ್ದೆಬದು
ಟ್ಯೂಬ್ಯೂಲರ್ ನೆಕ್ರೋಸಿಸ್ ಬೇರೆ, ಕಾರ್ಟಿಕಲ್ ಬೇರೆಯಾ?

ಸ್ಲೈಡ್‌ಪೆಟ್ಟಿಗೆ
ಬೇರೆ, ಮತ್ತು ಬದುಕಿದವರಿಗೆ ಆ ವ್ಯತ್ಯಾಸವೇ ದೊಡ್ಡದು. ಟ್ಯೂಬ್ಯೂಲರ್ ಜಾಸ್ತಿ ಕಾಣುವುದು. ಅದರಲ್ಲಿ ಕೋಶಗಳು ಮತ್ತೆ ಹುಟ್ಟುತ್ತವೆ. ಕೆಲವು ವಾರ ಡಯಾಲಿಸಿಸ್ ಮಾಡಿಸಿಕೊಂಡು ಮೂತ್ರ ಮರಳಿ ಬಂದು ಮನೆಗೆ ಹೋದವರು ಬೇಕಾದಷ್ಟು ಜನ ಇದ್ದಾರೆ. ಕಾರ್ಟಿಕಲ್ ಆದರೆ ಗ್ಲೊಮೆರುಲಸ್ಸೇ ಹೋಗಿರುತ್ತದೆ, ಅದು ಮತ್ತೆ ಹುಟ್ಟುವುದಿಲ್ಲ. ಅಲ್ಲಲ್ಲಿ ತೇಪೆ ತೇಪೆಯಾಗಿ ಹೋಗಿದ್ದರೆ ಉಳಿದದ್ದರಲ್ಲಿ ಒಂದಿಷ್ಟು ಕೆಲಸ ನಡೆಯುತ್ತದೆ. ಪೂರ್ತಿ ಹೋಗಿದ್ದರೆ ಇಲ್ಲ.

ಗದ್ದೆಬದು
ಕೊನೆಯದಾಗಿ ಒಂದು. ಊರಲ್ಲಿ ಮದ್ದು ಹಾಕಿಸುತ್ತಾ ಮಧ್ಯಾಹ್ನ ಪೂರ್ತಿ ಹೋಯಿತು. ಆಗಲೇ ಹೋಗಿದ್ದರೆ ಉಳಿಯುತ್ತಿದ್ದರಾ?

ಸ್ಲೈಡ್‌ಪೆಟ್ಟಿಗೆ
ಒಬ್ಬ ಮನುಷ್ಯನ ವಿಷಯದಲ್ಲಿ ಸ್ಲೈಡ್ ಅದನ್ನು ಹೇಳುವುದಿಲ್ಲ, ನಾನೂ ಹೇಳಲಾರೆ. ಪ್ರತಿವಿಷ ಮಾಡುವುದು ಇಷ್ಟು: ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಹಿಡಿದುಕೊಳ್ಳುತ್ತದೆ. ಆಗಲೇ ಸತ್ತ ಕೋಶವನ್ನು ಎಬ್ಬಿಸುವುದಿಲ್ಲ. ಅದಕ್ಕೇ ಮೊದಲ ಗಂಟೆಗಳಿಗೆ ಬೆಲೆ. ನಿಮ್ಮ ಚಿಕ್ಕಪ್ಪನಿಗೆ ಎಷ್ಟು ವಿಷ ಇಳಿದಿತ್ತು ಅನ್ನುವುದು ಹಾವಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಘಟ್ಟದ ಕೆಳಗಿನವ
ಒಂದು ವಿಷಯ ಸೇರಿಸುತ್ತೇನೆ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಲ್ಕು ಹಾವುಗಳದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಪಶ್ಚಿಮ ಘಟ್ಟದ ಅಡಿಕೆ, ರಬ್ಬರ್ ತೋಟಗಳಲ್ಲಿ ತರಗೆಲೆಯಲ್ಲಿ ಕೂತಿರುವ ಹಂಪ್‌ನೋಸ್ಡ್ ಪಿಟ್ ವೈಪರ್ ಅದರಲ್ಲಿ ಇಲ್ಲ. ಅದೂ ಕಿಡ್ನಿ ತೆಗೆಯಬಲ್ಲದು. ಕೇರಳ, ಶ್ರೀಲಂಕಾದಲ್ಲಿ ಬೇಕಾದಷ್ಟು ಕೇಸು ದಾಖಲಾಗಿವೆ. ಸಣ್ಣ ಹಾವು ಅಂತ ತಾತ್ಸಾರ ಬೇಡ. ಒಂದೇ ಜಾತಿಯ ಹಾವಿನ ವಿಷವೂ ಊರಿಂದ ಊರಿಗೆ ಬೇರೆ ಇರುತ್ತದೆ ಅಂತ ಬೆಂಗಳೂರಿನ ಐಐಎಸ್‌ಸಿಯ (ಭಾರತೀಯ ವಿಜ್ಞಾನ ಸಂಸ್ಥೆಯ) ವಿಷ ಸಂಶೋಧನೆಯ ಲ್ಯಾಬ್ ತೋರಿಸಿದೆ. ಪ್ರತಿವಿಷಕ್ಕೆ ಬೇಕಾದ ವಿಷ ಹೆಚ್ಚಾಗಿ ಬರುವುದು ಮಾತ್ರ ತಮಿಳುನಾಡಿನಲ್ಲಿ ಹಾವು ಹಿಡಿಯುವ ಇರುಳರ ಸಹಕಾರ ಸಂಘದಿಂದ.

ಖಾಕಿ ಕಾಗದ
ನನ್ನದು ಸ್ಟೇಷನ್ ಕಡೆಯ ಮಾತು. ಯುಡಿಆರ್, ಅಂದರೆ ಅಸಹಜ ಸಾವಿನ ಕೇಸುಗಳ ಕಾಗದ ನೋಡುವ ಕೆಲಸ. ಜನ ಬಂದು ಗೋಳಾಡುವುದು ಒಂದೇ ಸಾಲಿಗೆ: ವಿಸೆರಾದಲ್ಲಿ (ಪರೀಕ್ಷೆಗೆ ಕಳಿಸಿದ ಒಳಾಂಗಗಳಲ್ಲಿ) ವಿಷ ಪತ್ತೆಯಾಗಿಲ್ಲ. ಅದನ್ನು ಹಿಡಿದುಕೊಂಡು ವಿಮೆಯವರು, ಪರಿಹಾರದ ಕಚೇರಿಯವರು 'ಹಾವು ಕಡಿದೇ ಇಲ್ಲ' ಅಂತಾರೆ. ಡಾಕ್ಟ್ರೇ, ಇದಕ್ಕೆ ನೀವೇ ಹೇಳಿ.

ಶವಾಗಾರದ ಸರದಿ
ಫೊರೆನ್ಸಿಕ್ ಪಿಜಿ (ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿ) ನಾನು. ಉತ್ತರ ಕೊಡುತ್ತೇನೆ.

ಜಠರ, ಕರುಳು, ಲಿವರ್, ಕಿಡ್ನಿಯ ತುಂಡುಗಳನ್ನು ಉಪ್ಪಿನ ದ್ರಾವಣದಲ್ಲಿ ಹಾಕಿ ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯಕ್ಕೆ) ಕಳಿಸುತ್ತೇವೆ. ಅಲ್ಲಿನ ಮಾಮೂಲಿ ಪರೀಕ್ಷೆಗಳು ಕೀಟನಾಶಕ, ಆಲ್ಕೋಹಾಲ್, ನಿದ್ದೆಮಾತ್ರೆ, ಲೋಹದ ವಿಷ, ಇಂಥವನ್ನು ಹುಡುಕುತ್ತವೆ. ಹಾವಿನ ವಿಷ ಬಹುಪಾಲು ಪ್ರೋಟೀನು. ಆ ಪರೀಕ್ಷೆಗಳಿಗೆ ಸಿಗುವಂಥದ್ದಲ್ಲ. ಅದನ್ನು ಹುಡುಕಲು ಆಂಟಿಬಾಡಿ ಹಾಕುವ ಎಲೈಸಾ ತರಹದ ಪರೀಕ್ಷೆ ಬೇಕು. ಹಾಗಾಗಿ ವಿಸೆರಾ 'ನೆಗೆಟಿವ್' ಅಂದರೆ ಬೇರೆ ವಿಷ ಸಿಗಲಿಲ್ಲ ಅಂತ ಮಾತ್ರ. ಹಾವು ಕಡಿದಿಲ್ಲ ಅಂತ ಅಲ್ಲ. ಇದನ್ನು ಮರಣೋತ್ತರ ವರದಿಯ ಕೊನೆಯಲ್ಲಿ ಡಾಕ್ಟರು ಬರೆದುಕೊಟ್ಟರೆ ಮನೆಯವರ ಅರ್ಧ ಅಲೆದಾಟ ತಪ್ಪುತ್ತದೆ. ಬರೆಯಬೇಕು ಅನ್ನುವುದು ನನ್ನ ಹಟ.

ಕಟ್ಟುಹಾವಿನ ಕೇಸು ಇನ್ನೂ ಕಷ್ಟ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಡಿಯುತ್ತದೆ. ಹಲ್ಲು ಸಣ್ಣದು, ನೋವು ಇಲ್ಲ, ಬಾವು ಇಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದು, ಆಮೇಲೆ ರೆಪ್ಪೆ ಇಳಿದು, ಉಸಿರು ನಿಲ್ಲುತ್ತದೆ. ಅದರ ವಿಷ ನರದ ತುದಿಯನ್ನೇ ಹಾಳು ಮಾಡುತ್ತದೆ. ಆ ಹಾನಿ ನಮ್ಮ ಮಾಮೂಲಿ ಸ್ಲೈಡಿನಲ್ಲಿ ಕಾಣುವುದಿಲ್ಲ. ಅಂಗಗಳೆಲ್ಲ ನೋಡಲು ಚೆನ್ನಾಗಿಯೇ ಇರುತ್ತವೆ, ಉಸಿರುಗಟ್ಟಿದವರಂತೆ ಸ್ವಲ್ಪ ರಕ್ತ ತುಂಬಿಕೊಂಡಿರುತ್ತವೆ. ಇಲ್ಲಿ ಉಳಿದಿರುವುದು ಚರ್ಮ ಒಂದೇ. ಒಳ್ಳೆ ಬೆಳಕಿನಲ್ಲಿ, ಭೂತಗನ್ನಡಿ ಹಿಡಿದು ಕಿವಿ, ಬೆರಳ ಸಂದು, ಕೂದಲ ಕೆಳಗೂ ಹುಡುಕಬೇಕು. ಚುಕ್ಕೆ ಸಿಕ್ಕರೆ ಅಲ್ಲಿನ ಚರ್ಮವನ್ನು ಕೆಳಗಿನ ಮಾಂಸದ ಸಮೇತ ತೆಗೆಯಬೇಕು. ಹೋಲಿಕೆಗೆ ಇನ್ನೊಂದು ಬದಿಯ ಅದೇ ಜಾಗದ ಚರ್ಮವೂ ಬೇಕು. ಮೈಕ್ರೋಸ್ಕೋಪಿಗೆ ಹೋಗುವುದು ಫಾರ್ಮಲಿನ್‌ನಲ್ಲಿ. ವಿಷದ ಪರೀಕ್ಷೆಗೆ ಹೋಗುವ ತುಂಡನ್ನು ಫಾರ್ಮಲಿನ್‌ನಲ್ಲಿ ಹಾಕಿದರೆ ಕೆಟ್ಟಿತು.

ಬಯಲುಸೀಮೆ ಬಸವ
ಕೇರಳದಲ್ಲಿ ಗಂಡನೇ ಹಾವು ಬಿಟ್ಟು ಹೆಂಡತಿಯನ್ನು ಕೊಂದ ಕೇಸು ಇತ್ತಲ್ಲ. ಅದು ಹೇಗೆ ಸಿಕ್ಕಿತು?

ಶವಾಗಾರದ ಸರದಿ
ಕೊಲ್ಲಂ ಜಿಲ್ಲೆಯದು, 2020ರಲ್ಲಿ. ಮೊದಲು ಕೊಳಕುಮಂಡಲ ಕಡಿದು ಆಕೆ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದು ಉಳಿದಿದ್ದರು. ಚೇತರಿಸಿಕೊಳ್ಳುತ್ತಿರುವಾಗಲೇ ತವರಿನಲ್ಲಿ ಮಲಗಿದ್ದ ಕಡೆ ನಾಗರಹಾವು. ಅಲ್ಲಿ ಅಂಗಗಳಿಗಿಂತ ಕಚ್ಚಿನ ಗುರುತೇ ಜಾಸ್ತಿ ಮಾತಾಡಿತು. ಹಾವಿನ ತಲೆ ಹಿಡಿದು ಒತ್ತಿ ಕಚ್ಚಿಸಿದರೆ ಹಲ್ಲುಗಳ ಅಂತರ ತಾನಾಗಿ ಕಡಿದಾಗ ಇರುವುದಕ್ಕಿಂತ ಅಗಲವಾಗುತ್ತದೆ. ತನಿಖೆಯವರು ಬೊಂಬೆಗೆ ಹಾವು ಕಚ್ಚಿಸಿ ಅಳೆದು ತೋರಿಸಿದರು. ಹೂತಿದ್ದ ಹಾವನ್ನೂ ತೆಗೆದು ಪರೀಕ್ಷೆ ಮಾಡಿದರು. 2021ರ ಅಕ್ಟೋಬರ್‌ನಲ್ಲಿ ಗಂಡನಿಗೆ ಎರಡು ಜೀವಾವಧಿ ಶಿಕ್ಷೆ ಆಯಿತು. ಹಾಗಂತ ಪ್ರತಿ ಕೇಸಿನಲ್ಲೂ ಮನೆಯವರನ್ನು ಅನುಮಾನದಿಂದ ನೋಡುವ ಚಾಳಿ ಈಗ ಶುರುವಾಗಿದೆ, ಅದೂ ಸರಿಯಲ್ಲ.

ಖಾಕಿ ಕಾಗದ
ಒಳ್ಳೆ ಮಾಹಿತಿ ಸರ್. 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತ, ಅದರಿಂದಾದ ಸಾವು ಎರಡನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕು. ಖಾಸಗಿಯವರೂ ಸೇರಿ. ಲೆಕ್ಕವಾದರೂ ಸಿಗುತ್ತದೆ.

ಶವಾಗಾರದ ಸರದಿ
ಲೆಕ್ಕದ ಮಾತು ಬಂತಲ್ಲ. ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಸಾವು ಅಂತ 2020ರಲ್ಲಿ ಬಂದ ಅಂದಾಜು ನಮ್ಮ ಮೇಜಿನಿಂದ ಬಂದದ್ದಲ್ಲ. ಮನೆ ಮನೆಗೆ ಹೋಗಿ 'ಹೇಗೆ ತೀರಿಕೊಂಡರು' ಅಂತ ಕೇಳಿ ಬರೆದುಕೊಂಡದ್ದು ಅದರ ಬುನಾದಿ. ಹೆಚ್ಚಿನವರು ಆಸ್ಪತ್ರೆಗೇ ಬರುವುದಿಲ್ಲ. ನಾವು ಸ್ಲೈಡಿನಲ್ಲಿ ನೋಡುವುದು ಬಂದು ಸತ್ತವರನ್ನು ಮಾತ್ರ. ಅದಕ್ಕೇ ಪುಸ್ತಕದಲ್ಲಿ ಕಿಡ್ನಿ ಹೋದ ಕೇಸು ಜಾಸ್ತಿ, ಕಟ್ಟುಹಾವಿನದು ಕಡಿಮೆ.

ಸಣ್ಣಹಳ್ಳಿ ಸೊಸೆ
ಇಷ್ಟೂ ಓದಿದೆ. ಪಿಟ್ಯುಟರಿ ಮಾತು ಬಂದಾಗ ಎದೆ ಧಸಕ್ ಎಂದಿತು. ನನ್ನ ಅತ್ತಿಗೆಗೆ ಎರಡು ವರ್ಷದ ಹಿಂದೆ ಕೊಳಕುಮಂಡಲ ಕಡಿದಿತ್ತು. ಡಯಾಲಿಸಿಸ್ ಆಗಿ ಉಳಿದರು, ಕಿಡ್ನಿ ಸರಿಹೋಯಿತು. ಆದರೆ ಅಂದಿನಿಂದ ಮುಟ್ಟು ನಿಂತಿದೆ. ಯಾವಾಗಲೂ ಸುಸ್ತು, ಚಳಿ ಚಳಿ, ಎದ್ದು ನಿಂತರೆ ತಲೆಸುತ್ತು. ವಯಸ್ಸು ಇನ್ನೂ ಮೂವತ್ತರ ಆಚೀಚೆ. ಹೋದ ವಾರ ಒಬ್ಬ ಡಾಕ್ಟರು ಥೈರಾಯ್ಡ್ ಕಡಿಮೆ ಇದೆ ಅಂತ ಮಾತ್ರೆ ಬರೆದಿದ್ದಾರೆ. ಇನ್ನೂ ಶುರು ಮಾಡಿಲ್ಲ. ಹಾವು ಕಡಿದದ್ದನ್ನು ಅವರಿಗೆ ಹೇಳಲೇ ಇಲ್ಲ, ಇದಕ್ಕೂ ಅದಕ್ಕೂ ಏನು ಸಂಬಂಧ ಅಂತ.

ಸ್ಲೈಡ್‌ಪೆಟ್ಟಿಗೆ
ಸಂಬಂಧ ಇರಬಹುದು. ಪಿಟ್ಯುಟರಿ ಹಾನಿ ಕಡಿತವಾಗಿ ತಿಂಗಳು, ವರ್ಷ ಕಳೆದ ಮೇಲೆ ಹೀಗೇ ಹೊರಬರುತ್ತದೆ. ನೀವು ಬರೆದ ಒಂದೊಂದು ಲಕ್ಷಣವೂ ಅದಕ್ಕೆ ಹೊಂದುತ್ತದೆ.

ದಯವಿಟ್ಟು ಆ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಹಾವಿನ ಕಥೆ ಹೇಳಿ. ಮಾತ್ರೆ ಶುರು ಮಾಡುವ ಮುಂಚೆ ಕಾರ್ಟಿಸಾಲ್ ನೋಡಬೇಕಾ ಅಂತ ಕೇಳಿ. ಪಿಟ್ಯುಟರಿ ಹೋಗಿ ಕಾರ್ಟಿಸಾಲೂ ಕಡಿಮೆ ಇದ್ದು, ಅದನ್ನು ಸರಿಮಾಡದೆ ಥೈರಾಯ್ಡ್ ಮಾತ್ರೆ ಮೊದಲು ಕೊಟ್ಟರೆ ಬಿಪಿ ಕುಸಿದು ಪ್ರಾಣಕ್ಕೇ ಅಪಾಯ ಆಗಬಹುದು. ಮೊದಲು ಸ್ಟೀರಾಯ್ಡ್, ಆಮೇಲೆ ಥೈರಾಯ್ಡ್. ಕ್ರಮ ಮುಖ್ಯ. ಪಿಟ್ಯುಟರಿಯೇ ಕೊಡುವ ಟಿಎಸ್‌ಎಚ್ ಒಂದನ್ನೇ ನೋಡಿದರೆ ಇಂಥವರಲ್ಲಿ ಮೋಸ ಹೋಗುತ್ತೇವೆ, ಜೊತೆಗೆ ಥೈರಾಯ್ಡ್ ಹಾರ್ಮೋನನ್ನೇ ಅಳೆಯುವ ಫ್ರೀ ಟಿ4 ಬೇಕು. ಎಂಡೊಕ್ರೈನಾಲಜಿಯವರಿಗೆ (ಹಾರ್ಮೋನು ತಜ್ಞರಿಗೆ) ತೋರಿಸಿ, ತಲೆಯ ಎಂಆರ್‌ಐ ಬೇಕೋ ಅಂತ ಅವರು ಹೇಳುತ್ತಾರೆ. ನಡುವೆ ವಾಂತಿ, ವಿಪರೀತ ಸುಸ್ತು, ಪ್ರಜ್ಞೆ ತಪ್ಪುವುದು ಏನಾದರೂ ಆದರೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ. ಅಲ್ಲೂ ಮೊದಲು ಹಾವಿನ ಕಥೆಯನ್ನೇ ಹೇಳಿ.

ಸಣ್ಣಹಳ್ಳಿ ಸೊಸೆ
ಡಾಕ್ಟರಿಗೆ ಫೋನ್ ಮಾಡಿದೆ ಮೇಡಂ. ಮಾತ್ರೆ ಸದ್ಯಕ್ಕೆ ಬೇಡ, ನಾಳೆಯೇ ರಕ್ತ ಕೊಡಿ ಅಂದರು. ಬೆಳಗ್ಗೆ ಎಷ್ಟು ಹೊತ್ತಿಗೆ ಕೊಡಬೇಕು?

ಸ್ಲೈಡ್‌ಪೆಟ್ಟಿಗೆ
8 ಗಂಟೆ ಹೊತ್ತಿಗೆ. ಕಾರ್ಟಿಸಾಲ್ ಬೆಳಗ್ಗೆ ಏರಿರುತ್ತದೆ, ಸಂಜೆ ಇಳಿದಿರುತ್ತದೆ. ಮಧ್ಯಾಹ್ನ ಕೊಟ್ಟರೆ ಓದುವುದು ಕಷ್ಟ.